ಸಹಿ ಇಲ್ಲದ ಹಾಳೆ

ಹೊಳೆನರಸೀಪುರದ ಗಣಿತದ ಮೇಷ್ಟ್ರು ಸಂಪತ್ಕುಮಾರರಿಗೆ ಕೋರ್ಟಿನ ನೋಟಿಸು ಬಂದದ್ದು ಎರಡು ಸಾವಿರದ ಒಂದನೇ ಇಸವಿಯ ಆಷಾಢದಲ್ಲಿ. ಅವರು ಮಾಡಿದ ಅಪರಾಧ ಏನಪ್ಪಾ ಎಂದರೆ, ತಮ್ಮದೇ ಹಾಳೆಯನ್ನು ತಾವೇ ಕದ್ದದ್ದು! ದಾವೆ ಹಾಕಿದವನು ಹಾಸನದ ಹೇಮಾದ್ರಿ ಸಾಫ್ಟ್‌ವೇರ್ ಕಂಪನಿಯ ಅನಿಲ್‌ಕುಮಾರ್. ದುದ್ದ ಎಂಬ ಊರಿನವನು, ಮೇಷ್ಟ್ರ ಹತ್ತಿರವೇ ಪಾಠ ಕಲಿತವನು.

ಆ ಹಾಳೆಯ ಕಥೆ ಇಷ್ಟೇ. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಹೊಡೆಯುವುದೆಂದರೆ ದೊಡ್ಡ ಫಜೀತಿ. ಒಂದೊಂದು ಕಂಪನಿಯೂ ಅಕ್ಷರಗಳಿಗೆ ತನಗೆ ತೋಚಿದ ನಂಬರು ಕೊಟ್ಟುಕೊಂಡಿತ್ತು. ಅರಕಲಗೂಡಿನಲ್ಲಿ ಹೊಡೆದ ಲಗ್ನಪತ್ರಿಕೆಯನ್ನು ಚನ್ನರಾಯಪಟ್ಟಣದಲ್ಲಿ ತೆರೆದರೆ ವರನೂ ಇಲ್ಲ, ವಧುವೂ ಇಲ್ಲ, ಬರೀ ಚುಕ್ಕಿ, ಚೌಕ. ಮೇಷ್ಟ್ರು ಎರಡು ವರ್ಷ ಕೂತು, ಯಾವ ಅಕ್ಷರಕ್ಕೆ ಯಾವ ನಂಬರು ಎಂದು ಒಂದು ಪಟ್ಟಿ ಮಾಡಿದರು. ಎಲ್ಲರೂ ಇದನ್ನೇ ಹಿಡಿದರೆ ಯಾರ ಫೈಲನ್ನು ಯಾರು ಬೇಕಾದರೂ ತೆರೆಯಬಹುದು. ದುಡ್ಡು ಬೇಡ, ಅಪ್ಪಣೆ ಬೇಡ. ಅದನ್ನು ಒಂದು ಹಾಳೆಯಲ್ಲಿ ಅಚ್ಚು ಹಾಕಿಸುವಾಗ, ಅವರ ತಂದೆ ತಾವು ಬರೆದದ್ದಕ್ಕೆಲ್ಲ ಸೇರಿಸುತ್ತಿದ್ದಂತೆ, ಕೊನೆಯಲ್ಲಿ ‘ಶ್ರೀ ಲಕ್ಷ್ಮೀನರಸಿಂಹಾರ್ಪಣಮಸ್ತು’ ಎಂದು ಹಾಕಿದರು. ತಮ್ಮ ಹೆಸರು ಹಾಕಲಿಲ್ಲ. ದೇವರಿಗೆ ಒಪ್ಪಿಸಿದ್ದರ ಮೇಲೆ ತನ್ನ ಹೆಸರು ಬರೆದುಕೊಳ್ಳುವುದು ಆ ಮನೆಯಲ್ಲಿ ನೈವೇದ್ಯವನ್ನು ಎಂಜಲು ಮಾಡಿದಷ್ಟೇ ತಪ್ಪು.

ಆಗ ಅಚ್ಚುಮೆಚ್ಚಿನ ಶಿಷ್ಯನಾಗಿದ್ದ ಅನಿಲ್ ಲೂನಾ ಹತ್ತಿ, ನಾಲ್ಕು ತಾಲ್ಲೂಕಿನ ಕಂಪ್ಯೂಟರ್ ಅಚ್ಚಿನ ಅಂಗಡಿಗಳಿಗೆ ಹಾಳೆ ಹಂಚಿ ಬಂದ. ಮೂರು ವರ್ಷ ಬಿಟ್ಟು ಅದೇ ಪಟ್ಟಿಯ ಮೇಲೆ ಸಾಫ್ಟ್‌ವೇರ್ ಕಟ್ಟಿ ಕಂಪನಿ ತೆರೆದ. ಮೇಷ್ಟ್ರು ಬೆನ್ನು ತಟ್ಟಿದರು. ಬೇರೆ ಕಂಪನಿಗಳೂ ಆ ಪಟ್ಟಿ ಹಿಡಿದು ಅರ್ಧ ಬೆಲೆಗೆ ಮಾರತೊಡಗಿದಾಗ ಅನಿಲನಿಗೆ ಹೊಟ್ಟೆ ಉರಿಯಿತು. ಪಟ್ಟಿ ಮಾಡಿದವನು ನಾನು, ಇನ್ನು ಯಾರೂ ಹಂಚಕೂಡದು ಎಂದು, ಕೇಳಿದವರಿಗೆಲ್ಲ ಹಾಳೆ ಕೊಡುತ್ತಲೇ ಇದ್ದ ಮೇಷ್ಟ್ರ ಮೇಲೆ ಕೋರ್ಟಿಗೆ ಹೋದ.

"ಅವನ ಕಂಪನಿ ಶುರುವಾದದ್ದು ತೊಂಬತ್ತೇಳರಲ್ಲಿ. ಅದಕ್ಕೂ ಮುಂಚೆ ಹಾಳೆ ಇತ್ತು ಅಂತ ತೋರಿಸೋಕೆ ಏನಾದರೂ ತನ್ನಿ," ಎಂದರು ಮೇಷ್ಟ್ರ ವಕೀಲರು.

ಮೇಷ್ಟ್ರು ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದರು. ಕೊನೆಗೆ ಸಿಕ್ಕಿದ್ದು ಚನ್ನರಾಯಪಟ್ಟಣದಲ್ಲಿ, ಕೆಂಪಣ್ಣನ ಡಿಟಿಪಿ ಅಂಗಡಿಯ ಗೋಡೆಯ ಮೇಲೆ. ಆಯುಧಪೂಜೆಯ ಫೋಟೋ. ಕಂಪ್ಯೂಟರಿಗೆ ಕುಂಕುಮ ಇಟ್ಟರೆ ಕೆಟ್ಟೀತೆಂದು ಹೆದರಿ, ಹಾಳೆಗೇ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ ನಿಲ್ಲಿಸಿದ್ದರು. ಫೋಟೋದ ಮೂಲೆಯಲ್ಲಿ ಕ್ಯಾಮೆರಾ ಹೊಡೆದ ತಾರೀಖು: ತೊಂಬತ್ತನಾಲ್ಕರ ಅಕ್ಟೋಬರ್. ಮೇಷ್ಟ್ರಿಗೆ ಕಣ್ಣು ತುಂಬಿ ಬಂತು.

"ಕೆಂಪಣ್ಣ, ಇದನ್ನ ತಗೊಂಡು ಕೋರ್ಟಿಗೆ ಬಂದು ಒಂದು ಮಾತು ಹೇಳ್ತೀರಾ?"

"ಅದಕ್ಕೇನ್ ಸಾ, ಬತ್ತೀನಿ. ದ್ಯಾವ್ರಾಣೆಗೂ ಇದ್ದದ್ದ್ ಇದ್ದಂಗೇ ಏಳ್ತೀನಿ."

ಹಾಸನದ ಕೋರ್ಟಿನಲ್ಲಿ ಮೊದಲು ಕಟಕಟೆ ಹತ್ತಿದವರು ಮೇಷ್ಟ್ರು. ಅನಿಲನ ವಕೀಲ ಹಾಳೆಯನ್ನು ಅವರ ಮುಖಕ್ಕೆ ಹಿಡಿದ.

"ಇದರಲ್ಲಿ ನಿಮ್ಮ ಹೆಸರೆಲ್ಲಿದೆ?"

"ದೇವರ ಹೆಸರಿದೆ."

"ಹಾಗಾದರೆ ನರಸಿಂಹಸ್ವಾಮಿಗೇ ಸಮನ್ಸ್ ಕಳಿಸೋಣವೇ?"

ಕೋರ್ಟೆಲ್ಲ ನಕ್ಕಿತು. ಅನಿಲನೂ ನಕ್ಕ. ಮೇಷ್ಟ್ರ ಮಡದಿ ಹಂಸ ಬಡಿಸಿದ ಪುಳಿಯೋಗರೆಯನ್ನು ಮೂರು ವರ್ಷ ತಿಂದ ಬಾಯಿ ಅದು. ಮೇಷ್ಟ್ರು, ಫೋಟೋ ಇದೆಯಲ್ಲ ಎಂದು ತಡೆದುಕೊಂಡು ಕೆಳಗಿಳಿದರು.

ಕೆಂಪಣ್ಣ ಫೋಟೋ ತೋರಿಸಿದ, ತಾರೀಖು ಹೇಳಿದ. ಅನಿಲನ ವಕೀಲ ಒಂದಿಷ್ಟೂ ಗಾಬರಿಯಾಗದೆ ಎದ್ದ.

"ಈ ಹಾಳೆ ನಿಮಗೆ ತಂದುಕೊಟ್ಟವರು ಯಾರು?"

"ಅನಿಲಪ್ಪಾರು ಸಾ. ಲೂನಾದಾಗೆ ತಂದ್ಕೊಟ್ರು. ಯಂಗೆ ಒಡೀಬೇಕು ಅಂತ ಕೂತ್ಕಂಡು ಏಳ್ಕೊಟ್ರು."

"ಸಂಪತ್ಕುಮಾರರು?"

"ಮೇಷ್ಟ್ರನ್ನ ನಾನ್ ಆಗ ಕಂಡೇ ಇರ್ನಿಲ್ಲ."

"ಹಾಳೆ ಮೇಷ್ಟ್ರದ್ದು ಅಂತ ಅನಿಲ್ ಹೇಳಿದ್ದರೇ?"

"ಅವ್ರು ಏಳ್ನಿಲ್ಲ, ನಾನೂ ಕೇಳ್ನಿಲ್ಲ ಸಾ."

ವಕೀಲ ಕೂತ. ಅವನಿಗೆ ಇನ್ನೇನೂ ಬೇಕಾಗಿರಲಿಲ್ಲ. ತೊಂಬತ್ತನಾಲ್ಕರಲ್ಲೇ ಹಾಳೆ ಅನಿಲನ ಕೈಯಲ್ಲಿತ್ತು ಎನ್ನುವುದಕ್ಕೆ ಸಾಕ್ಷಿ ಬೇಕಿತ್ತು. ಆ ಸಾಕ್ಷಿಯನ್ನು ಊರೂರು ಹುಡುಕಿ, ಬಸ್ ಚಾರ್ಜು ಕೊಟ್ಟು ಕರೆತಂದವರು ಮೇಷ್ಟ್ರೇ! ಶಿಷ್ಯನನ್ನು ಕಳಿಸಿದವನು ನಾನು ಎಂದು ಅವರಿಗೆ ಕೂಗಬೇಕೆನಿಸಿತು. ಆದರೆ ಅವರ ಸಾಕ್ಷಿ ಆಗಲೇ ಮುಗಿದಿತ್ತು.

ಮೂರು ತಿಂಗಳಿಗೆ ತೀರ್ಪು ಬಂತು. ಪಟ್ಟಿ ಹೇಮಾದ್ರಿಯದು. ಬಳಸುವವರು ಕಂಪನಿಯ ಅಪ್ಪಣೆ ಪಡೆಯಬೇಕು. ಸಂಪತ್ಕುಮಾರರು ಒಂದು ಹಾಳೆಯನ್ನೂ ಯಾರಿಗೂ ಕೊಡಕೂಡದು.

ಕೆಂಪಣ್ಣ ಅವತ್ತೂ ಬಂದಿದ್ದ. ಕೋರ್ಟಿನ ಮೆಟ್ಟಿಲ ಹತ್ತಿರ ಮೇಷ್ಟ್ರನ್ನು ಹಿಡಿದು ನಿಲ್ಲಿಸಿದ.

"ನಾನ್ ಸುಳ್ಳೇಳ್ನಿಲ್ಲ ಅಲ್ವರಾ ಸಾ?"

"ಇಲ್ಲ ಕೆಂಪಣ್ಣ. ನೀವು ಸುಳ್ಳು ಹೇಳಲಿಲ್ಲ."

ಕೆಂಪಣ್ಣನಿಗೆ ಸಮಾಧಾನವಾಯಿತು. ಇನ್ನಷ್ಟು ಹತ್ತಿರ ಬಂದು ದನಿ ತಗ್ಗಿಸಿದ. "ಅನಿಲಪ್ಪಾರು ಇನ್ಮೇಕೆ ಒಂದೊಂದ್ ಕಂಪ್ಯೂಟ್ರಿಗೂ ದುಡ್ ಕೇಳ್ತಾರಂತೆ. ನನ್ ಆಳೆ ಗೆದ್ಲು ತಿಂದ್ಬುಡ್ತು. ನಿಮ್ತಾವ ಇನ್ನೊಂದಿದ್ರೆ ಕೊಡಿ ಸಾ, ಯಾರ್ಗೂ ಏಳಾಕಿಲ್ಲ."

ಗೆದ್ದರೆ ಅಲ್ಲೇ ಹಂಚಬೇಕೆಂದು ತಂದಿದ್ದ ನೂರು ಹಾಳೆ ಮೇಷ್ಟ್ರ ಚೀಲದಲ್ಲಿದ್ದವು. ಕೇಳಿದವರನ್ನು ಅವರು ಈವರೆಗೆ ಬರಿಗೈಯಲ್ಲಿ ಕಳಿಸಿದವರಲ್ಲ. ಕೈ ತಾನಾಗಿ ಚೀಲದೊಳಗೆ ಹೋಗಿ, ಹಾಳೆಗಳನ್ನು ಮುಟ್ಟಿ, ಖಾಲಿಯಾಗಿ ಹೊರಗೆ ಬಂತು.

"ಅನಿಲನ್ನೇ ಕೇಳಿ," ಎಂದರು. "ನಿಮಗೆ ತಂದುಕೊಟ್ಟವನು ಅವನೇ ಅಲ್ಲವೇ?"