ಪಿನ್ನು ಕಚ್ಚಿದ ಓಕೆ

ನಮ್ಮ ಭಾವ ದರ್ಜಿ. ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆದವರೇ ಹನ್ನೆರಡು ಗುಂಡುಪಿನ್ನು ಎಣಿಸಿ ತುಟಿಯಂಚಿಗೆ ಕಚ್ಚಿಕೊಳ್ಳುತ್ತಾರೆ. ಒಂದೂ ಬೀಳದಂತೆ ಆಡಬಹುದಾದ ಮಾತು ಪ್ರಪಂಚದಲ್ಲಿ ಒಂದೇ: ಓಕೆ. ಇಪ್ಪತ್ತು ವರ್ಷದಿಂದ ಅವರ ಸಂಸಾರ, ವ್ಯಾಪಾರ, ಜಗಳ ಎಲ್ಲವೂ ಅದರಲ್ಲೇ ಸಾಗಿದೆ.

ಕೌಂಟರಿನಲ್ಲಿ ಅಳತೆ ಪುಸ್ತಕ ಹಿಡಿದು ಕೂರುವ ನಾನು ಅವರ ದುಭಾಷಿ. ಗಿರಾಕಿ ಹೊಟ್ಟೆ ಒಳಗೆಳೆದುಕೊಂಡು ನಿಂತರೆ ಭಾವ "ಓಓಕೆ" ಎಂದು ರಾಗ ಎಳೆಯುತ್ತಾರೆ. ನಾನು ಎರಡಿಂಚು ಸೇರಿಸಿ ಬರೆದುಕೊಳ್ಳುತ್ತೇನೆ. ಅಕ್ಕ ಫೋನಿನಲ್ಲಿ ತರಕಾರಿ ಪಟ್ಟಿ ಓದಿದರೆ ಒಂದೊಂದಕ್ಕೂ ಒಂದೊಂದು ಗಿಡ್ಡ ಓಕೆ. ಸಂಜೆ ಮನೆ ಸೇರುವುದು ಬರೀ ಈರುಳ್ಳಿ. "ನಾಳೆ ಕೊಡ್ತೀರಾ?" ಎಂದವರಿಗೆ ಸಿಗುವ ಓಕೆಯಂತೂ ಹದಿನೈದು ದಿನ ಬಾಳಿಕೆ ಬರುತ್ತದೆ. ಇವನ್ನೆಲ್ಲ ನಾನು ಬೆನ್ನ ಹಿಂದೆ ಆಡಿ ತೋರಿಸಿದರೆ ಅವರ ಮಗಳು ನಕ್ಕು ನಕ್ಕು ಸೂಜಿ ಚುಚ್ಚಿಕೊಳ್ಳುತ್ತಾಳೆ.

ಅವಳಿಗೆ ಗುಂಡಿ ಎಂದೇ ಹೆಸರು ಬಿದ್ದಿದೆ. ಆರು ವರ್ಷದಿಂದ ಅಪ್ಪ ಅವಳ ಕೈಗೆ ಕೊಟ್ಟಿರುವುದು ಗುಂಡಿ ಹೊಲಿಯುವ ಕೆಲಸ ಮಾತ್ರ. ಕತ್ತರಿ ಕೇಳಿದಾಗಲೆಲ್ಲ ಕಿಟಕಿಯತ್ತ ತಿರುಗಿ ಒಂದು ಓಕೆ ಹೇಳುತ್ತಾರೆ. ‘ಇನ್ನೂ ಆರು ವರ್ಷ ಹೋಗಲಿ’ ಎಂದರ್ಥ.

ಹೋದ ಶುಕ್ರವಾರ ಭಾವ ಹಲ್ಲುನೋವೆಂದು ಮನೆಯಲ್ಲೇ ಉಳಿದರು. ಗುಂಡಿ, ಗಿರಾಕಿ ಡಾಕ್ಟರೊಬ್ಬರು ಹೊಲಿಯಲು ಕೊಟ್ಟಿದ್ದ ಕೋಟಿನ ಬಟ್ಟೆ ಹಾಸಿ ಕತ್ತರಿ ಎತ್ತಿಕೊಂಡಳು.

"ಏಯ್, ಅಪ್ಪ ತಲೆ ತೆಗೀತಾರೆ!"

"ಸುಮ್ನಿರು ಮಾವ. ಟ್ರಯಲ್‌ನಲ್ಲಿ ಕೆಟ್ರೆ ನಾನೇ ಒಪ್ಕೋತೀನಿ. ಆಮೇಲೆ ಕತ್ತರಿ ಸುದ್ದೀನೇ ಎತ್ತಲ್ಲ."

ಸೋಮವಾರ ಟ್ರಯಲ್. ನಮ್ಮ ಅಂಗಡಿಯಲ್ಲಿ ಒಂದು ತಪ್ಪಿಗೆ ಒಂದು ಪಿನ್ನು. ಭಾವ ಸ್ವತಃ ಕತ್ತರಿಸಿದ ಕೋಟೂ ಮೂರು ನಾಲ್ಕು ಚುಚ್ಚಿಸಿಕೊಳ್ಳದೆ ಬಿಟ್ಟಿದ್ದಿಲ್ಲ.

ಡಾಕ್ಟರು ಕನ್ನಡಿಯ ಮುಂದೆ ನಿಂತರು. ಭಾವ ಭುಜ ಸವರಿದರು. "ಓಕೆ." ಬೆನ್ನು ತಟ್ಟಿದರು. "ಓಕೆ?" ಪ್ರಶ್ನೆ ಬಟ್ಟೆಗೆ.

"ಉಸಿರು ಬಿಡ್ಲೇನ್ರೀ?" ಎಂದರು ಡಾಕ್ಟರು.

"ಓಕೆ."

ಎಡತೋಳಿಗೆ ಒಂದು ಪಿನ್ನು ಬಿತ್ತು. ಗುಂಡಿಯ ಮುಖ ಬಿಳಿಚಿಕೊಂಡಿತು. ಇನ್ನೊಂದು ಸುತ್ತು ಬಂದು ಭಾವ ತುಟಿಯತ್ತ ಕೈ ಒಯ್ದರು. ಎರಡು ಎಂದುಕೊಂಡೆ. ಕೈ ಮೀಸೆ ಕೆರೆದು ಕೆಳಗಿಳಿಯಿತು.

ಡಾಕ್ಟರು ಅತ್ತ ಹೋಗುತ್ತಲೇ ಗುಂಡಿ ಇತ್ತ, "ಅಪ್ಪಾ, ಅದನ್ನ ಕತ್ತರ್ಸಿದ್ದು ನಾನು" ಎಂದಳು.

ಓಕೆ ಬರಲಿಲ್ಲ. ಹಾಡಹಗಲಲ್ಲಿ, ಅಂಗಡಿ ತೆರೆದಿರುವಾಗ, ಭಾವ ಬಾಯಿಂದ ಒಂದೊಂದೇ ಪಿನ್ನು ತೆಗೆದು ಮೇಜಿನ ಮೇಲಿಟ್ಟರು. ಹನ್ನೊಂದು. ಆಮೇಲೆ ತುಕ್ಕು ಹಿಡಿದ ಬಾಗಿಲಿನಂತೆ ಮಾತು ತೆರೆಯಿತು.

"ಗೊತ್ತು ಕಣೇ. ಈಗೀಗ ನಾನು ಎಳೆಯೋ ಸೀಮೆಸುಣ್ಣದ ಗೆರೆ ನಡುಗುತ್ತೆ. ಈ ಕೋಟಿನ ಗೆರೆ ನಡುಗಿರ್ಲಿಲ್ಲ. ಎಡತೋಳಲ್ಲಿ ಮಾತ್ರ ಅದೇನವ್ವಾ ಅಷ್ಟು ಅವಸರ?"

"ಹೆದರಿಕೆ ಆಯ್ತಪ್ಪಾ."

"ಹೆದರ್ಬೇಕು" ಎಂದು ಪಿನ್ನುಗಳನ್ನು ಅವಳತ್ತ ಸರಿಸಿ, ಕತ್ತರಿಯನ್ನೂ ಪಕ್ಕದಲ್ಲಿಟ್ಟರು.

ಗುಂಡಿ ಕಣ್ಣೊರೆಸಿಕೊಂಡು ಹನ್ನೊಂದನ್ನೂ ತುಟಿಯಂಚಿಗೆ ಕಚ್ಚಿದಳು.

"ಬಾಯಿ ಬಿಡದೆ ಗುಟ್ಟು ಕಾಪಾಡಿದ್ದೀನಿ. ಮಾವನಿಗೆ ಟೀ ಕೊಡಿಸ್ತೀಯಲ್ಲ?" ಎಂದೆ.

ಅವಳು ಕಿಟಕಿಯತ್ತ ತಿರುಗಿದಳು.

"ಓಕೆ."

ಟೀ ಇನ್ನೂ ಬಂದಿಲ್ಲ.