ಗೊರಕಪ್ಪ ಮತ್ತು ಮೂರು ಬಣ್ಣದ ಐಸು

ಅನಾನಸ್ ರಸವನ್ನು ಹನ್ನೆರಡನೇ ಲೋಟಕ್ಕೆ ಸುರಿದು, ಫ್ರೀಜರಿನ ಬಾಗಿಲು ಹಾಕಿ ಕೈ ಒರೆಸಿಕೊಳ್ಳುತ್ತಿದ್ದೆ. ಅಷ್ಟರಲ್ಲಿ ಫ್ರಿಜ್ ಒಮ್ಮೆ ಮೈ ಕೊಡವಿ ಸುಮ್ಮನಾಯಿತು. ಗಡಿಯಾರ ನೋಡಿದೆ. ಬೆಳಗ್ಗೆ ಎಂಟೂವರೆ.

"ಅಮ್ಮಾ, ಕರೆಂಟ್!" ಮಗಳು ಹಲ್ಲುಜ್ಜುವ ಬ್ರಷ್ ಬಾಯಲ್ಲಿಟ್ಟುಕೊಂಡೇ ಓಡಿ ಬಂದಳು. ಮುಖ ಆಗಲೇ ಅರ್ಧ ಅಳು.

ಅಳುವುದಕ್ಕೆ ಕಾರಣವಿತ್ತು. ಈ ಬೀದಿಗೆ ನಾವು ಬಂದು ಎರಡು ತಿಂಗಳು. ಹತ್ತು ವರ್ಷದ ಇವಳು ಹೊಸ ಶಾಲೆಯಲ್ಲಿ ಎರಡು ತಿಂಗಳಿಂದ ಒಬ್ಬಳೇ ಕೂತು ಊಟ ಮಾಡುತ್ತಿದ್ದಳು. ಅವಳು ಹೇಳಿರಲಿಲ್ಲ. ಒಂದು ದಿನ ಅವಳು ಮರೆತುಹೋದ ಛತ್ರಿ ಕೊಡಲು ಹೋದವಳು ಕಿಟಕಿಯಿಂದ ನಾನೇ ಕಂಡಿದ್ದೆ. ಹೋದ ವಾರ ಅದೆಲ್ಲಿಂದ ಧೈರ್ಯ ಬಂತೋ, ತರಗತಿಯ ಎಂಟು ಹುಡುಗಿಯರನ್ನು ಭಾನುವಾರ ಸಂಜೆ ನಾಲ್ಕಕ್ಕೆ ಮನೆಗೆ ಕರೆದುಬಿಟ್ಟಿದ್ದಳು. "ನಮ್ಮಮ್ಮ ಮೂರು ಬಣ್ಣದ ಐಸ್ ಮಾಡ್ತಾರೆ" ಅಂದಿದ್ದಳಂತೆ. "ಬುರುಡೆ ಬಿಡಬೇಡ, ಅದು ಅಂಗಡೀಲಿ ಮಾತ್ರ ಸಿಗೋದು" ಎಂದು ಅವರಲ್ಲಿ ಎರಡು ಜಡೆಯವಳೊಬ್ಬಳು ಮೂತಿ ತಿರುವಿದ್ದಳಂತೆ. ಆ ಭಾನುವಾರ ಇವತ್ತು.

ಮೂರು ಬಣ್ಣದ ಐಸಿಗೆ ಬೇಕಾದದ್ದು ತಾಳ್ಮೆ, ಅಷ್ಟೇ. ಒಂದು ಬಣ್ಣ ಕಲ್ಲಾಗುವವರೆಗೆ ಮುಂದಿನದನ್ನು ಸುರಿಯುವ ಹಾಗಿಲ್ಲ, ಸುರಿದರೆ ಎಲ್ಲ ಕಲಸಿ ಕೆಸರಿನ ಬಣ್ಣವಾಗುತ್ತದೆ. ಕೆಂಪು ದಾಳಿಂಬೆ ರಸ ಹಿಂದಿನ ದಿನವೇ, ನಡುವೆ ನೆಟ್ಟ ಕಡ್ಡಿಯ ಸಮೇತ ಗಟ್ಟಿಯಾಗಿತ್ತು. ಈಗ ಹಳದಿ ಸುರಿದಾಗಿತ್ತು. ಅದು ಗಟ್ಟಿಯಾದ ಮೇಲೆ ಪುದೀನ, ನಿಂಬೆಯ ಹಸಿರು.

ನಮ್ಮ ಮನೆಯವರು ಗೇಟಿನ ತನಕ ಹೋಗಿ ವಿಚಾರಿಸಿ ಬಂದರು. ಗಾಳಿಗೆ ವಾಲಿದ್ದ ಕಂಬವನ್ನು ನೆಟ್ಟಗೆ ಮಾಡುತ್ತಿದ್ದಾರಂತೆ.

"ಯಾವಾಗ ಬರುತ್ತಂತೆ?"

"ಕೇಳಿದೆ. ಬಂದಾಗ ಬರುತ್ತೆ ಅಂದ ಲೈನ್‌ಮನ್." ಹೇಳುವಾಗ ಅವರ ಮುಖ ಅರಳಿತ್ತು. ಯಾಕೆಂದು ನನಗೆ ಗೊತ್ತು.

ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಅವರು ಗುಜರಿಗೆ ಹೋಗಲಿದ್ದ ಒಂದು ಸಣ್ಣ ಜನರೇಟರನ್ನು ಹಳೆಯ ಮನೆಗೆ ತಂದು, ಮೂರು ತಿಂಗಳು ಬಿಚ್ಚಿ ಜೋಡಿಸಿ, ಅದಕ್ಕೆ ನೀಲಿ ಬಣ್ಣ ಹೊಡೆದಿದ್ದರು. ಸೂಟ್‌ಕೇಸಿನಷ್ಟು ಗಾತ್ರ, ಮೇಲೊಂದು ಹಿಡಿ. ಅದು ಮಾಡುವ ಸದ್ದಿಗೆ ಅತ್ತೆ ಇಟ್ಟ ಹೆಸರು ಗೊರಕಪ್ಪ. ಇಷ್ಟು ದಿನ ಅದಕ್ಕೆ ಕೆಲಸವೇ ಬಂದಿರಲಿಲ್ಲ.

ಗೊರಕಪ್ಪನನ್ನು ಹಿತ್ತಲಿನ ಕೊನೆಗೆ ಒಯ್ದು, ಹೊಗೆ ಮನೆಯ ಕಡೆ ಬಾರದಂತೆ ಅವನ ಮುಖವನ್ನು ಆಚೆ ಕಡೆಗೆ ತಿರುಗಿಸಿ ಇಟ್ಟರು. ಹಗ್ಗ ಎಳೆದರು. ಒಂದು, ಎರಡು, ಮೂರನೇ ಸಲಕ್ಕೆ ಘೊರ್ ಎಂದು ಶುರುವಾಯಿತು. ಉದ್ದದ ವಯರು ಅಡುಗೆಮನೆಗೆ ಬಂತು.

"ಕೇಳಿ ಎಲ್ಲರೂ. ಇವನ ಕೈಲಾಗೋದು ಒಂದು ಫ್ರಿಜ್ಜು, ಎರಡು ಬಲ್ಬು, ಒಂದು ಫೋನು. ಮಿಕ್ಸಿ, ಇಸ್ತ್ರಿ, ನೀರು ಕಾಯಿಸೋದು ಯಾವುದಕ್ಕೂ ಆಸೆ ಪಡಬೇಡಿ" ಎಂದರು, ಯಜಮಾನಿಕೆ ಮಾಡುವ ಅವಕಾಶ ಸಿಕ್ಕಿದ ಸಂತೋಷದಲ್ಲಿ.

ಮಹಡಿಯ ಮೇಲೆ ಒಬ್ಬರೇ ಇರುವ ಡ್ರಾಯಿಂಗ್ ಮೇಷ್ಟ್ರು ಬಾಲ್ಕನಿಯಿಂದ ಬಗ್ಗಿ, "ನನಗೂ ಒಂದು ವಯರು ಕೊಡ್ರೀ, ಫೋನ್ ಚಾರ್ಜ್ ಮಾಡ್ಕೊಳ್ಳೋಕೆ ಮಾತ್ರ" ಎಂದರು. ಇಲ್ಲ ಎನ್ನಲಾದೀತೆ? ಕೊಟ್ಟರು.

ಅತ್ತೆ ಹಿತ್ತಲ ಬಾಗಿಲಿನ ಒಳಗೆ ತಮ್ಮ ಕುರ್ಚಿಯಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದರು. ಕಣ್ಣಿಗೆ ಪೊರೆ ಬಂದು ಅವರಿಗೆ ಈಗ ಬೆಳಕು, ನೆರಳು ಬಿಟ್ಟರೆ ಹೆಚ್ಚೇನೂ ಕಾಣುವುದಿಲ್ಲ. ಆದರೆ ನೂಲಿನ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಕಿವಿ ಅದು. ಇನ್ನೂರು ಕದಿರು ತಿರುಗುವಾಗ ಯಾವ ಮೂಲೆಯಲ್ಲಿ ಎಳೆ ಕಡಿಯಿತೆಂದು ಸದ್ದಿನಲ್ಲೇ ಹೇಳುತ್ತಿದ್ದರಂತೆ.

ಒಂಬತ್ತೂವರೆಗೆ ಅವರ ಕೈ ಬಟಾಣಿಯ ಮೇಲೆ ನಿಂತಿತು. "ಏನೋ ಇದು, ಗೊರಕಪ್ಪ ಹೊರಲಾರದ್ದು ಹೊತ್ಕೊಂಡ. ಮೇಲೆ ಯಾರೋ ನೀರು ಕಾಯಿಸ್ತಿದಾರೆ."

ಮಾತು ಮುಗಿಯುವುದರೊಳಗೆ ಗೊರಕಪ್ಪ ಎರಡು ಸಲ ಕೆಮ್ಮಿ ನಿಂತುಬಿಟ್ಟ.

ಮೇಷ್ಟ್ರು ಕೆನ್ನೆಯ ತುಂಬ ಸೋಪಿನ ನೊರೆ ಹೊತ್ತು ಇಳಿದು ಬಂದರು. ಕೈಯಲ್ಲಿ ನೀರು ಕಾಯಿಸುವ ಕಾಯಿಲ್. "ಗಡ್ಡಕ್ಕೆ ಒಂದೇ ಒಂದು ಲೋಟ ಬಿಸಿನೀರು..." ಎಂದರು, ಶಾಲೆಯಲ್ಲಿ ಸಿಕ್ಕಿಬಿದ್ದ ಹುಡುಗನ ಹಾಗೆ.

"ನಿಮ್ಮ ಫೋನಿಗೆ ಗಡ್ಡ ಬಂದಿದೆಯೇನ್ರೀ ಮೇಷ್ಟ್ರೇ?" ಎಂದರು ಅತ್ತೆ.

ಮೇಷ್ಟ್ರಿಗೂ ನಗು ತಡೆಯಲಾಗಲಿಲ್ಲ, ನೊರೆ ಅಂಗಿಯ ಮೇಲೆಲ್ಲ ಹಾರಿತು. ನಿಂತ ಫ್ರಿಜ್ಜನ್ನು ತಕ್ಷಣ ಚಾಲೂ ಮಾಡಬಾರದೆಂದು ಐದು ನಿಮಿಷ ಬಿಟ್ಟು ಮತ್ತೆ ಹಗ್ಗ ಎಳೆದದ್ದಾಯಿತು. ಮಗಳು ಮಾತ್ರ ನಗಲಿಲ್ಲ. ಗಡಿಯಾರದ ಕೆಳಗೆ ನಿಂತಿದ್ದಳು.

ನಾನು ನೆಲ ಒರೆಸಿದೆ, ಬಟ್ಟೆ ಕೈಯಲ್ಲೇ ಒಗೆದೆ, ಅನ್ನಕ್ಕಿಟ್ಟೆ. ನಡುನಡುವೆ ಕೆಲಸವಿದ್ದವಳ ಹಾಗೆ ಫ್ರಿಜ್ಜಿನ ಮುಂದೆ ಸುಳಿದಾಡಿದೆ. ಹನ್ನೊಂದೂವರೆಗೆ ಹಸಿರು ಸುರಿಯಬೇಕಿತ್ತು. ನೋಡಿದರೆ ಹಳದಿ ಅರೆಗಟ್ಟಿಯಾಗಿ ಇನ್ನೂ ಅಲುಗಾಡುತ್ತಿತ್ತು. ಹನ್ನೆರಡಾಯಿತು. ಮಗಳು ಹಸಿರು ರಸದ ಜಗ್ಗು ಅಪ್ಪಿಕೊಂಡು, ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದ ನನ್ನ ಮುಂದೆ ಬಂದು ನಿಂತಳು.

"ಸುರಿದುಬಿಡೋಣ ಅಮ್ಮ. ಕೆಸರು ಬಣ್ಣ ಆದ್ರೂ ಪರವಾಗಿಲ್ಲ. ಏನೂ ಇಲ್ಲ ಅನ್ನೋದಕ್ಕಿಂತ..." ಜಗ್ಗನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಳು. "ಬುರುಡೆ ಅಂತ ನಗ್ತಾರೆ. ನಾಳೆ ನಾನು ಶಾಲೆಗೇ ಹೋಗಲ್ಲ."

ತಲೆ ನೇವರಿಸಿದೆ. ನಮ್ಮ ಮನೆಯವರು ಗೊರಕಪ್ಪನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಇವನದೇನೂ ತಪ್ಪಿಲ್ಲ, ಸರಿಯಾಗೇ ಓಡ್ತಿದಾನೆ" ಎಂದು ಮಗನ ಪರ ವಹಿಸಿದವರಂತೆ ಕೂಗಿದರು.

ಆಗ ಅತ್ತೆ ಗೋಡೆ ಹಿಡಿದು ಅಡುಗೆಮನೆಯಿಂದ ಬಂದು ಕುರ್ಚಿಯಲ್ಲಿ ಕೂತರು. "ಹಳದಿ ಇನ್ನೂ ಮೆತ್ತಗಿದೆ, ಸುರೀಬೇಡಿ. ಎಲ್ಲರೂ ಇಲ್ಲಿ ಬನ್ನಿ. ಮೇಷ್ಟ್ರನ್ನೂ ಕರೀರಿ."

ಬಂದೆವು. ಒಲೆ ಸಣ್ಣ ಮಾಡಿ ನಾನೂ ನಿಂತೆ.

"ಹೊಟ್ಟೆ ತಣ್ಣಗಾದ ಫ್ರಿಜ್ಜು ಆಗಾಗ ಉಸಿರು ಬಿಡುತ್ತೆ. ಅದು ಸುಮ್ಮನಾದಾಗ ಗೊರಕಪ್ಪನ ಸದ್ದೂ ಹಗುರಾಗಬೇಕು. ಹತ್ತು ಗಂಟೆಯಿಂದ ಕೇಳ್ತಾ ಇದೀನಿ, ಒಂದು ಸಲವೂ ಹಗುರಾಗಿಲ್ಲ. ತಣ್ಣಗಾಗೋಕೆ ನೀವು ಬಿಟ್ರೆ ತಾನೆ? ನಿಜ ಹೇಳಿ, ಯಾರ್ಯಾರು ಬಾಗಿಲು ತೆಗೆದು ನೋಡಿದ್ರಿ?"



"ನಾನು ನಾಲ್ಕು ಸಲ" ಎಂದಳು ಮಗಳು. "ಐದು."

"ನಾನು ನೀರಿನ ಬಾಟಲಿಗೆ..." ಎಂದರು ಇವರು.

"ಯಾವತ್ತು ಕಣೋ ನೀನು ಫ್ರಿಜ್ಜಿನ ನೀರು ಕುಡಿದದ್ದು?"

"ಮೂರು ಸಲ, ಅಮ್ಮ."

ಮೇಷ್ಟ್ರು ಕೆಮ್ಮಿದರು. "ವಯರು ವಾಪಸ್ ಕೊಡೋಕೆ ಬಂದಾಗ, ಬಣ್ಣ ಹೇಗೆ ಬಂದಿದೆ ಅಂತ, ಕಲೆಗಾರನ ಕುತೂಹಲ ನೋಡಿ..."

ಎಲ್ಲರೂ ನನ್ನ ಕಡೆ ತಿರುಗಿದರು. ಸೆರಗಿನಲ್ಲಿ ಕೈ ಒರೆಸಿಕೊಂಡೆ. ಹಾಲಿಗೆಂದು ಒಮ್ಮೆ, ಬೆಣ್ಣೆಗೆಂದು ಒಮ್ಮೆ, ಯಾವುದಕ್ಕೂ ಅಲ್ಲದೆ... "ಎಂಟು ಇರಬಹುದು" ಎಂದೆ.

"ಅಮ್ಮಾ!" ಎಂದಳು ಮಗಳು. ಬೆಳಗಿನಿಂದ ಮೊದಲ ಸಲ ಅವಳ ಮುಖದಲ್ಲಿ ನಗು ಇಣುಕಿತು. ತಮಗಿಂತ ಹೆಚ್ಚು ಗಾಬರಿಯಾದವಳು ಮನೆಯಲ್ಲಿ ಇದ್ದಾಳೆಂದು ತಿಳಿದರೆ ಮಕ್ಕಳಿಗೆ ಅದೇನು ಸಮಾಧಾನವೋ.

ಅತ್ತೆ ತಮ್ಮ ಡಬ್ಬಿಯಿಂದ ದಪ್ಪ ನೂಲು ತರಿಸಿದರು. ಫ್ರಿಜ್ಜಿನ ಎರಡೂ ಹಿಡಿಗಳನ್ನು ಸೇರಿಸಿ ಸುತ್ತಿ, ಬೆರಳಲ್ಲೇ ನೋಡಿಕೊಂಡು, ಚಕಚಕನೆ ಒಂದು ಗಂಟು ಹಾಕಿದರು. ಮಿಲ್ಲಿನ ಗಂಟು. ಎಳೆದಷ್ಟೂ ಬಿಗಿ. ಇವರು ಪ್ರಯತ್ನಿಸಿ ಉಗುರು ನೋಯಿಸಿಕೊಂಡರು.

"ಇನ್ನು ನಾನು ಹೇಳಿದಾಗಲೇ ತೆಗೆಯೋದು" ಎಂದರು ಅತ್ತೆ.

ಹಾಲಿಲ್ಲದ ಚಹಾ ಕುಡಿದೆವು. ಬೆಣ್ಣೆಯಿಲ್ಲದೆ ಊಟ ಮಾಡಿದೆವು. ತಟ್ಟೆ ತೊಳೆಯುತ್ತಿದ್ದಾಗ ಅತ್ತೆ ಕೈ ಎತ್ತಿದರು. ನಲ್ಲಿ ನಿಲ್ಲಿಸಿದೆ. ಹಿತ್ತಲ ಕೊನೆಯಲ್ಲಿ ಗೊರಕಪ್ಪನ ಘೊರ್ ಎಂಬ ಸದ್ದು ಇಳಿದು, ನಿದ್ದೆಯಲ್ಲಿ ಮಗ್ಗುಲು ಬದಲಿಸಿದವರ ಹಾಗೆ ಮೆತ್ತಗಾಯಿತು. ನನ್ನಂಥವಳಿಗೂ ಕೇಳಿಸಿತು.

"ಈಗ" ಎಂದರು ಅತ್ತೆ. ಗಂಟೆ ಒಂದೂವರೆ.

ಹಳದಿ ಕಲ್ಲಾಗಿತ್ತು. ಮಗಳು ಉಸಿರು ಬಿಗಿಹಿಡಿದು ಹಸಿರು ಸುರಿದಳು. ಬಾಗಿಲು ಹಾಕಿ ಮತ್ತೆ ಗಂಟು. ಎರಡು ಗಂಟೆಗೆ ಪೆಟ್ರೋಲ್ ಹಾಕಲೆಂದು ಗೊರಕಪ್ಪನನ್ನು ನಿಲ್ಲಿಸಿ, ಅವನ ಮೈ ಆರುವವರೆಗೆ ಇಪ್ಪತ್ತು ನಿಮಿಷ ಕಾಯಬೇಕಾಯಿತು. ಆ ಇಪ್ಪತ್ತು ನಿಮಿಷ ಮಗಳು ಫ್ರಿಜ್ಜಿಗೆ ಬೆನ್ನು ಕೊಟ್ಟು, ಯಾರೂ ಬರದಂತೆ ಕಾವಲು ಕೂತಳು.

ನಾಲ್ಕಕ್ಕೆ ಸರಿಯಾಗಿ ಎಂಟೂ ಹುಡುಗಿಯರು ಬಂದರು. ಗೊರಕಪ್ಪ ಇನ್ನೂ ಜೋರಾಗಿಯೇ ಇದ್ದ.

"ಎಲ್ಲಿ ಐಸು?" ಎಂದಳು ಎರಡು ಜಡೆಯವಳು.

ಮಗಳು ನನ್ನನ್ನು ನೋಡಿದಳು. ನಾನು ಅತ್ತೆಯನ್ನು ನೋಡಿದೆ.

"ಇನ್ನೂ ಆಗಿಲ್ಲ" ಎಂದಳು ಮಗಳು ಸಣ್ಣ ದನಿಯಲ್ಲಿ. ಆಮೇಲೆ ಒಂದು ಉಸಿರೆಳೆದುಕೊಂಡು, "ಆದಾಗ ಆ ಮಿಷಿನ್ ಹೇಳುತ್ತೆ. ನಮ್ಮಜ್ಜಿಗೆ ಅದರ ಭಾಷೆ ಬರುತ್ತೆ."

"ಸುಳ್ಳು!"

"ಬಾ ಮರಿ, ಇಲ್ಲಿ ಕೂತ್ಕೋ" ಎಂದು ಅತ್ತೆ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. "ಕಣ್ಣು ಮುಚ್ಚು. ಈಗ ಅದು ಭಾರ ಹೊತ್ತಿದೆ, ಕೇಳಿಸ್ತಾ?" ಇವರನ್ನು ಕರೆದು ಬಲ್ಬು ಹಚ್ಚಿಸಿದರು, ಆರಿಸಿದರು. "ಈಗ ಏನು ವ್ಯತ್ಯಾಸ ಆಯ್ತು?"

ಐದು ನಿಮಿಷದಲ್ಲಿ ಒಂಬತ್ತು ಹುಡುಗಿಯರೂ ಹಿತ್ತಲ ಬಾಗಿಲಲ್ಲಿ ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದರು. "ಬಲ್ಬು!" "ಇಲ್ಲ ಕಣೇ, ಫೋನು!" "ತಳ್ಳಬೇಡ, ನಂಗೆ ಕೇಳಿಸ್ತಿಲ್ಲ!" ನನ್ನ ಮಗಳು ನಡುವೆ ಕೂತಿದ್ದಳು, ಎರಡು ಜಡೆಯವಳ ಒಂದು ಜಡೆ ಅವಳ ಭುಜದ ಮೇಲಿತ್ತು.

ನಾಲ್ಕು ಗಂಟೆ ಹತ್ತಕ್ಕೆ ಕರೆಂಟು ಬಂತು. ಕೋಣೆಯ ಫ್ಯಾನ್ ತಿರುಗಿತು. ಇವರು ಜನರೇಟರ್ ನಿಲ್ಲಿಸಲು ಹೊರಟರೆ ಒಂಬತ್ತು ಬಾಯಿ ಒಟ್ಟಿಗೆ ಕೂಗಿದವು: "ಬೇಡಾ ಅಂಕಲ್!" "ಬೇಡಪ್ಪಾ!" ಅವರು ಎದೆ ಉಬ್ಬಿಸಿಕೊಂಡು ಗೊರಕಪ್ಪನ ಪಕ್ಕ ಮತ್ತೆ ಕೂತರು. ಅಷ್ಟು ಮರ್ಯಾದೆ ಅವರಿಗೆ ಡಿಪೋದಲ್ಲೂ ಸಿಕ್ಕಿರಲಾರದು.

ಸದ್ದು ಇಳಿದದ್ದು ನಾಲ್ಕೂ ಇಪ್ಪತ್ತೈದಕ್ಕೆ. ಅತ್ತೆಗಿಂತ ಮೊದಲು ಎರಡು ಜಡೆಯವಳೇ ಕಿರುಚಿದಳು. ಗಂಟು ಬಿಚ್ಚಿತು. ಲೋಟಗಳನ್ನು ಒಂದು ಕ್ಷಣ ನೀರಿಗೆ ಅದ್ದಿ, ಕಡ್ಡಿ ಹಿಡಿದು ಎಳೆದೆವು. ಕೆಂಪು, ಹಳದಿ, ಹಸಿರು, ಗೆರೆ ಎಳೆದಂತೆ.

"ನಾಳೆ ಊಟಕ್ಕೆ ನಮ್ಮ ಬೆಂಚಿಗೇ ಬಾರೇ" ಎಂದು ಯಾರೋ ಬಾಯಿ ತುಂಬ ಐಸಿಟ್ಟುಕೊಂಡು ಹೇಳಿದ್ದು ನನ್ನ ಕಿವಿಗೂ ಬಿತ್ತು. ನಾನು ಖಾಲಿ ಲೋಟಗಳನ್ನು ಬೇಗ ಎತ್ತಿಕೊಂಡು ಸಿಂಕಿನ ಕಡೆ ತಿರುಗಿದೆ.

"ಅಜ್ಜೀ, ನನ್ನದರಲ್ಲಿ ಏನೋ ಇದೆ" ಎಂದಳು ಮಗಳು. ಅವಳ ಐಸಿನ ಹಳದಿಯೊಳಗೆ ಹೆಬ್ಬೆರಳಿನಷ್ಟು ಅಗಲದ ಒಂದು ಗುಳಿ, ಅದರ ತುಂಬ ಹಸಿರು. ಹಳದಿ ಮೆತ್ತಗಿದ್ದಾಗ ಯಾರೋ ಒತ್ತಿ ನೋಡಿದ ಗುರುತು.

ನಾವೆಲ್ಲ ಮುಖ ಮುಖ ನೋಡಿಕೊಂಡೆವು. ನಾವು ನೋಡಿದ್ದೆವು, ಮುಟ್ಟಿರಲಿಲ್ಲ. ಹಳದಿ ಇನ್ನೂ ಮೆತ್ತಗಿದೆಯೆಂದು ಅತ್ತೆ ಮಧ್ಯಾಹ್ನ ಅಷ್ಟು ಖಚಿತವಾಗಿ ಹೇಳಿದ್ದು ಆಗ ನನಗೆ ನೆನಪಾಯಿತು.

"ಅತ್ತೆ, ನೀವು ಎಷ್ಟು ಸಲ?" ಎಂದೆ.

ಅತ್ತೆ ತಮ್ಮ ಐಸಿನ ಹಸಿರನ್ನು ಸಾವಕಾಶವಾಗಿ ಚೀಪಿ ಮುಗಿಸಿದರು.

"ಒಂದೇ ಸಲ. ನಿಮಗಾದ್ರೆ ನೋಡಿದ್ರೆ ಸಾಕು. ನಾನು ಮುಟ್ಟದೆ ಹೇಗೆ ನೋಡಲಿ, ನೀನೇ ಹೇಳು?"