ಭಾಲ್ಕಿ ಸಾನಿಕಾಳ ಅಂಕಿತ

ಬೀದರಿನ ಅಮಿತಕುಮಾರನ ಡಿಜೆ ಗಾಡಿ ಬಂತೆಂದರೆ ಓಣಿಯ ಕಿಟಕಿಗಳೆಲ್ಲ ನಡುಗುತ್ತಿದ್ದವು. ಹಾಡಿನ ನಡುನಡುವೆ ಅವನ ಹೆಸರೂ ಗುಡುಗುತ್ತಿತ್ತು: 'ಡಿಜೆ ಅಮಿತ್, ಬೀದರ್!' ಆ ಹಾಡುಗಳಲ್ಲಿ ಮುಕ್ಕಾಲು ಪಾಲು ಭಾಲ್ಕಿಯ ಸಾನಿಕಾ ತನ್ನ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ಕಟ್ಟಿದವು. ದುಡಿದವಳು ಇವಳು, ಮೆರೆದವನು ಅವನು. ಕಲಿಯುವ ಕಾಲ, ನನ್ನ ಸದ್ದು ಮಂದಿಯ ಕಿವಿಗೆ ಬಿದ್ದರೆ ಸಾಕು ಎಂದು ಅವಳು ಇಷ್ಟು ದಿನ ಸುಮ್ಮನಿದ್ದಳು. ಈಗ ಸಾಕಾಗಿತ್ತು.

"ಅಣ್ಣಾ, ಈ ಸಲ ಬಸವ ಜಯಂತಿ ಹಾಡಿಗಿ ನನ್ನ ಹೆಸರ ಹಾಕ್ರಿ."

"ಮೆರವಣಿಗಿದಾಗ ಹುಡುಗಿ ಹೆಸರ? ಮಂದಿ ನಗ್ತಾರ ತಂಗಿ," ಎಂದು ಅಮಿತಕುಮಾರ ತಾನೇ ಮೊದಲು ನಕ್ಕ.

ಸಾನಿಕಾಳಿಗೆ ಮೈಯೆಲ್ಲ ಉರಿದುಹೋಯಿತು. ಆ ಉರಿಯಲ್ಲೇ ಅವಳು ಭಾತಂಬ್ರಾಕ್ಕೆ ಹೋದಳು. ಅಲ್ಲಿನ ಭಜನಾ ಮಂಡಳಿಯ ದಾನಮ್ಮ ಬಸವಣ್ಣನ ಮೇಲೆ ತಾನೇ ಕಟ್ಟಿದ ಪದವನ್ನು ಹೆಂಗಸರ ಜೊತೆ ಹಾಡಿ ರೆಕಾರ್ಡ್ ಮಾಡಿ ಕೊಟ್ಟಿದ್ದಳು. ಸಾನಿಕಾ ಅದಕ್ಕೆ ಬೀಟ್ ಕೂಡಿಸಿ, ಕೇಳಿಸಲು ತಂದಿದ್ದಳು.

ದಾನಮ್ಮ ಕಣ್ಣು ಮುಚ್ಚಿ ತಲೆದೂಗಿದಳು. ಹಾಡು ಮುಗಿದಾಗ ಹುಬ್ಬು ಗಂಟಿಕ್ಕಿದಳು.

"ಕಡೀ ಸಾಲ ಎಲ್ಲಿ ಹೋತು?"

"ಅದು ಬೀಟಿಗಿ ಕೂಡಲಿಲ್ರಿ ಕಾಕು. ತಗದೀನ್ರಿ."

"ಅದು ಅಂಕಿತ! ಅದರಾಗ ನನ್ನ ಹೆಸರ ಐತಿ. ಪದ ಕಟ್ಟಿದಾಕಿ ಹೆಸರು ಕಿತ್ತು ಒಗದು, ಪದ ಬ್ಯಾರೆ ಕೇಳಸಾಕ ಬಂದೀಯೇನ?"

ಸಾನಿಕಾಳ ಮುಖ ಸುಟ್ಟ ಬದನೆಕಾಯಿಯಂತಾಯಿತು. ಅಮಿತಕುಮಾರ ತನಗೆ ಮಾಡಿದ್ದನ್ನೇ ತಾನು ಈ ಹೆಂಗಸಿಗೆ ಮಾಡಿದ್ದಳು. ನಾಚಿಕೆಯಾಯಿತು. ತಪ್ಪಾಯಿತೆಂದಳು, ತನ್ನ ಕಥೆಯನ್ನೂ ಹೇಳಿಕೊಂಡಳು.

ದಾನಮ್ಮ ಸೆರಗು ಸೊಂಟಕ್ಕೆ ಸಿಗಿಸಿದಳು. "ಹೆಸರ ಏನ್ ಬೇಡ್ಕೊಳ್ಳು ಮಾಲೇನ? ಪದದಾಗ ಹೆಣಿಯೂಣು. ಹಚ್ಚು ಮಶೀನ."

ಬಸವ ಜಯಂತಿಗೆ ಔರಾದಿನಲ್ಲಿ ಮೆರವಣಿಗೆ. ಅಮಿತಕುಮಾರನ ಗಾಡಿ, ಅದರ ಹಿಂದೆ ದಾನಮ್ಮನ ಮಂಡಳಿ. ಮೆರವಣಿಗೆ ನಡೆಸುವ ಊರ ಪಂಚರು ಕೇಳಿದ್ದು ದಾನಮ್ಮನ ಪದವನ್ನೇ, ಅಮಿತಕುಮಾರನಿಗೆ ಹಾಕದೆ ವಿಧಿಯಿರಲಿಲ್ಲ. ಗಾಡಿಯ ಪಕ್ಕದಲ್ಲಿ ಸಾನಿಕಾ ನಡೆಯುತ್ತಿದ್ದಳು. ಹುಡುಗರು ಕುಣಿದರು, ಮುದುಕರೂ ಕುಣಿದರು. ಕಡೆಯ ಸಾಲು ಬಂತು. ಅದರಲ್ಲಿ ಯಾರ ಹೆಸರಿದೆಯೆಂದು ಮೊದಲೇ ಕೇಳಿ ತಿಳಿದಿದ್ದ ಅಮಿತಕುಮಾರ ಅವಳನ್ನೇ ನೋಡುತ್ತ ಸೌಂಡನ್ನು ಪೂರ್ತಿ ಇಳಿಸಿದ.

ರಸ್ತೆ ಒಮ್ಮೆಲೆ ಮೌನವಾಯಿತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡಳು ಸಾನಿಕಾ.

ಆದರೆ ಅಂಕಿತ ಹಾಡದೆ ಪದ ಮುಗಿಸುವ ರೂಢಿ ಆ ಹೆಂಗಸರಿಗೆಲ್ಲಿದೆ? ತಾಳ ಕುಟ್ಟುತ್ತ ಎಲ್ಲರೂ ಒಂದೇ ಕೊರಳಲ್ಲಿ ಎತ್ತಿಕೊಂಡರು:

'ಭಾತಂಬ್ರಾ ದಾನಮ್ಮ ಕಟ್ಟಿದ ಪದಕ
ಭಾಲ್ಕಿ ಸಾನಿಕಾ ತಾಳ ಕೊಟ್ಟಾಳೋ!'

ಕುಣಿಯುತ್ತಿದ್ದ ಹುಡುಗರು ಅದನ್ನೇ ಹಿಡಿದರು. ಮತ್ತೊಮ್ಮೆ, ಮಗದೊಮ್ಮೆ. ಯಾರೂ ನಗಲಿಲ್ಲ. ಆ ದನಿ ಮುಳುಗಲೆಂದು ಅಮಿತಕುಮಾರ ಗಡಿಬಿಡಿಯಿಂದ ಸೌಂಡ್ ಏರಿಸಲು ಕೈಹಾಕಿದ.

ಸಾನಿಕಾ ಗಾಡಿ ಹತ್ತಿ ಆ ಕೈ ಹಿಡಿದಳು.

"ಇರಲಿ ಬಿಡ್ರಿ ಅಣ್ಣಾ. ನೀವು ಇಳಿಸಿದಷ್ಟು ಮಂದಿ ಜೋರ ಹಾಡ್ತಾರ."